ಊರಿಗೆಲ್ಲ ಒಂದೇ ಕೀಲಿ

ಕೋಡ್ ಈ ಸಲವೂ ಬರಲಿಲ್ಲ. ಕೊಟ್ರೇಶ ಮತ್ತೆ ಬಟನ್ ಒತ್ತಿದ. ‘ಕೋಡ್ ಕಳುಹಿಸಲಾಗಿದೆ’ ಎಂದಿತು ಪರದೆ. ಕಳಿಸಿದ್ದು ಹೌದಾದರೆ ಹೋಯಿತೆಲ್ಲಿಗೆ? ಅವನ ಮೊಬೈಲು ಬಾಯಿ ಹೊಲಿದುಕೊಂಡು ಕೂತಿತ್ತು.

ಮೊಬೈಲ್ ಆಟದ ಕಂಪನಿಯಿಂದ ಎಲ್ಲರ ಪಾಸ್‌ವರ್ಡುಗಳೂ ಸೋರಿಹೋಗಿದ್ದವು. ಬೆಳಗಾಗುವಷ್ಟರಲ್ಲಿ ಅವು ಮಾನ್ವಿ, ದೇವದುರ್ಗದ ಹುಡುಗರ ವಾಟ್ಸಾಪ್ ಗುಂಪಿಗೂ ಬಂದಿದ್ದವು. ಒಬ್ಬನದು ಹುಡುಗಿಯ ಹೆಸರು, ಇನ್ನೊಬ್ಬನದು ಶುದ್ಧ ಬೈಗುಳ. ಬಿದ್ದು ಬಿದ್ದು ನಕ್ಕರು. ಕೊಟ್ರೇಶನ ಊರಾದ ಸಿರವಾರದವರ ಸರದಿ ಬಂದಾಗ ನಗು ನಿಂತಿತು. ಅವರೆಲ್ಲರದೂ ಒಂದೇ ಪಾಸ್‌ವರ್ಡು: ಹಂಪಯ್ಯ, ಒಂದು ಎರಡು ಮೂರು.

ಕಂಪನಿ ಗಾಬರಿಬಿದ್ದು ಎಲ್ಲ ಖಾತೆಗಳಿಗೂ ಬೀಗ ಜಡಿಯಿತು. ಖಾತೆ ತೆರೆದ ದಿನ ಕೊಟ್ಟಿದ್ದ ನಂಬರಿಗೆ ಕೋಡ್ ಬರುತ್ತದೆ, ಅದನ್ನು ಹಾಕಿದವರಿಗೆ ಮಾತ್ರ ಬೀಗ ತೆರೆಯುತ್ತದೆ. ಗೆಳೆಯರೆಲ್ಲ ಚಹಾ ಆರುವುದರೊಳಗೆ ಒಳಗೆ ಹೋಗಿ ಕೂತರು. ಕೊಟ್ರೇಶ ಒಬ್ಬನೇ ಹೊರಗೆ. ಇವತ್ತು ಸಂಜೆಯೇ ರಾಯಚೂರಿನಲ್ಲಿ ಪಂದ್ಯ, ಅವನೇ ತಂಡದ ನಾಯಕ.

ಪಂದ್ಯ ಹೋದರೆ ಹೋಗಲಿ, ಖಾತೆ? ಪಿಯುಸಿ ಫೇಲಾದ ವರ್ಷ ಅಪ್ಪ ರೈಸ್ ಮಿಲ್ಲಿನ ಹಮಾಲರ ಎದುರಿಗೇ ಅವನ ಮಾನ ಕಳೆದಿದ್ದರು. ಆಮೇಲೆ ಅವನು ತಲೆಯೆತ್ತಿ ಓಡಾಡಿದ್ದು ಆ ಆಟದೊಳಗೆ ಮಾತ್ರ. ಖಾತೆ ಮಾಡಿಸಿದ ದಿನ ಹಂಪಯ್ಯನ ಮೊಬೈಲ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಪಯ್ಯ ಅವಸರದಲ್ಲಿ ಏನೋ ಒತ್ತಿ, “ತಗೋ, ನಿಂದೂ ಆತು,” ಎಂದು ಮೊಬೈಲ್ ಕೈಗಿಟ್ಟಿದ್ದ. ತೆರೆದರೆ ಹೆಗಲ ಮೇಲೆ ಒಂದು ಮರಿಗಿಣಿ, ಹೆಸರು ಶಹಜಾದಿ. ಹೊಸಬರಿಗೆಲ್ಲ ಕಂಪನಿ ಕೊಡುವ ಉಡುಗೊರೆ ಇರಬೇಕೆಂದು ಕೊಟ್ರೇಶ ಖುಷಿಪಟ್ಟ. ದಿನಾ ಕಾಳು ಹಾಕದಿದ್ದರೆ ಸೊರಗಿ ಸಾಯುವ ಗಿಣಿ ಅದು. ಮೂರು ವರ್ಷ ಅವನು ಜ್ವರದಲ್ಲೂ ಕಾಳು ತಪ್ಪಿಸಲಿಲ್ಲ. ‘ಯಾರಲೇ ಆಕಿ ಶಹಜಾದಿ?’ ಎಂದು ಗೆಳೆಯರು ಕಾಡಿದಾಗ ಅವನ ಕಿವಿ ಕೆಂಪಾಗುತ್ತಿತ್ತು, ಅಷ್ಟೇ.

ಇವತ್ತಿನ ಕಾಳು ಇನ್ನೂ ಹಾಕಿಲ್ಲ. ಅದು ನೆನಪಾಗಿ ಮೊಬೈಲು ಹಿಡಿದು ಓಡಿದ.

ಸಿರವಾರದ ಬಸ್ ಸ್ಟ್ಯಾಂಡಿನ ಪಕ್ಕದ ಹಂಪಯ್ಯನ ಅಂಗಡಿ ಜಾತ್ರೆಯಾಗಿತ್ತು. ಸುತ್ತಲೂ ಮೊಬೈಲುಗಳು ಟಿಣ್ ಟಿಣ್ ಎನ್ನುತ್ತಿದ್ದವು. ಬೆಂಚಿನ ಮೇಲೆ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅಜ್ಜಿ, ಸರದಿ ಕಾಯುತ್ತಿದ್ದರು.

“ಊರಿಗೆಲ್ಲ ಒಂದೇ ಕೀಲಿ ಮಾಡಿಟ್ರ ಯಾರ ಮನ್ಯಾಗ ಯಾರು ಹೊಕ್ಕಾರಂತ ಗೊತ್ತಾಗ್ತದೇನ್ರಿ ಕಾಕಾ?” ಕೊಟ್ರೇಶ ರೇಗಿದ.

“ನೀವು ಪಾಸ್‌ವರ್ಡ್ ಮರೀತೀರಿ, ಬಂದು ನನ್ನ ಜೀವಾ ತಿಂತೀರಿ,” ಎಂದ ಹಂಪಯ್ಯ ತಲೆಯೆತ್ತದೆ. “ಅದಕ್ಕ ಎಲ್ಲಾರ ಖಾತಿಗೂ ಅಂಗಡಿ ಹೆಸರು, ಮುಂದೊಂದು ನಂಬರು. ಕೀಲಿ ಒಂದ. ನಿನ್ನ ಖಾತ್ಯಾಗಿನ ಮೊಬೈಲ್ ನಂಬರ್ ಯಾವನೋ ಕಳ್ಳ ಬದಲಿ ಮಾಡ್ಯಾನ, ತಮ್ಮ. ನಾ ಏನ್ ಮಾಡ್ಲಿ?”

ಕೊಟ್ರೇಶ ಮತ್ತೆ ಬಟನ್ ಒತ್ತಿದ. ಅಂಗಡಿಯ ತುಂಬ ಯಾರ್ಯಾರದೋ ಮೊಬೈಲು ಕೂಗಿದವು, ಅವನದೊಂದು ಬಿಟ್ಟು.

“ಮುಂಜಾನಿಂದ ಇದೊಂದು ಕಾಟ,” ಎಂದು ಬೆಂಚಿನ ಹುಡುಗಿ ತನ್ನ ಮೊಬೈಲನ್ನು ಮಗುಚಿ ಇಟ್ಟಳು. “ಕೇಳದೇನ ಏನೇನೋ ನಂಬರ್ ಕಳಸಾಕತ್ತಾರ.”

“ತೆರೀಬ್ಯಾಡ ಬೇಟಿ, ಬ್ಯಾಂಕಿನ ಕಳ್ಳರಿರ್ತಾರ,” ಎಂದಳು ಅಜ್ಜಿ.

ಕೊಟ್ರೇಶನಿಗೆ ಅಷ್ಟು ದುಃಖದಲ್ಲೂ ಬುದ್ಧಿ ಹೇಳಬೇಕೆನಿಸಿತು. “ಖರೇ ಅದ ಅಜ್ಜಿ. ಯಾರು ಬಂದು ಅಂಗಲಾಚಿದ್ರೂ ಆ ನಂಬರ್ ಹೇಳಬ್ಯಾಡ್ರಿ. ಮಂದಿ ಸೊತ್ತು ಹೊಡಕೊಂಡು ಉಣ್ಣೋರು ಭಾಳ ಅದಾರ. ನನ್ನ ಗತಿ ನೋಡ್ರಿ.”

“ಹಂಗ ಉಂಡವರಿಗೆ ಅರಗಂಗಿಲ್ಲ, ಬೇಟಾ,” ಎಂದು ಅಜ್ಜಿ ಸಮಾಧಾನ ಹೇಳಿದಳು. ಆ ಮಾತಿಗೆ ಅವನ ಕಣ್ಣು ತುಂಬಿತು.

ರಾಯಚೂರಿನಿಂದ ತಂಡದ ಅಂಜಿನೇಯನ ಫೋನು ಬಂತು. “ಎಲ್ಲಿ ಸತ್ತೀಯಲೇ? ನಾಯಕ ಒಳಗ ಬರಲಿಲ್ಲಂದ್ರ ತಂಡಾನ ತೆಗದು ಹಾಕ್ತೀವಿ ಅನ್ನಾಕತ್ತಾರ!”

ಕೊಟ್ರೇಶ ಕೈಯಲ್ಲಿನ ಮೊಬೈಲ್ ನೋಡಿದ. ಒತ್ತಲು ಇನ್ನೂ ಒಂದು ಬಟನ್ ಇದ್ದಿದ್ದರೆ ಒತ್ತುತ್ತಿದ್ದ. ಯಾರ ಕಾಲು ಹಿಡಿಯುವುದು? ಕಂಪನಿಗೆ ಕಾಲಿಲ್ಲ, ಕಳ್ಳನಿಗೆ ಮುಖವಿಲ್ಲ.

“ನನ್ನ ಬಿಟ್ಟು ಆಡ್ರಿ,” ಎಂದು ಹೇಳಿ ಫೋನ್ ಇಟ್ಟ. “ನಂದು ಮುಗೀತು ಕಾಕಾ. ಅವರದಾದರೂ ಮಾಡಿಕೊಡ್ರಿ.”

ಹಂಪಯ್ಯ ಹುಡುಗಿಯತ್ತ ತಿರುಗಿದ. “ನಿಂದೇನವ್ವಾ?”

ಹುಡುಗಿಯ ಹೆಸರು ಮುಸರ್ರತ್. ಮೊದಲು ಸಿರವಾರದಲ್ಲೇ ಇದ್ದವರು, ಈಗ ದೇವದುರ್ಗದಲ್ಲಿದ್ದಾರೆ. “ಮೂರು ವರ್ಷದ ಹಿಂದ ನೀವ ಈ ಆಟದ್ದು ಒಂದು ಖಾತಿ ತೆಗದು ಕೊಟ್ಟಿದ್ರಿ. ವಾರದಾಗ ಮೊಬೈಲ್ ಕಾಲುವ್ಯಾಗ ಬಿತ್ತು. ನಮ್ಮ ಅಬ್ಬಾ ಮತ್ತ ಕೊಡಸಲಿಲ್ಲ. ಈಗ ಕೊಡಸ್ಯಾರ, ಹಳೇ ನಂಬರ ಅದ. ಅದರಾಗಿಂದು ಇನ್ನೇನು ಉಳದಿರ್ತದ ಬಿಡ್ರಿ… ಆದ್ರೂ ಒಮ್ಮಿ ನೋಡೋಣಂತ.”

ಒಂದು ವಾರದ ಖಾತೆಗೆ ದೇವದುರ್ಗದಿಂದ ಬಸ್ ಹತ್ತಿ ಬಂದಿದ್ದಾಳಲ್ಲ ಎಂದು ಕೊಟ್ರೇಶ ಅಯ್ಯೋ ಪಾಪ ಎಂದುಕೊಂಡ. ತನ್ನ ಮೊಬೈಲಿಗೆ ಸಿಕ್ಕಿಸಿದ್ದ ಅಂಗಡಿಯ ಚಾರ್ಜರನ್ನು ಅವಳಿಗೆ ಬಿಟ್ಟುಕೊಟ್ಟು, ಬದಿಗೆ ಸರಿದು ನಿಂತ.

ಹಂಪಯ್ಯ ಅವಳ ಖಾತೆಯ ಹೆಸರು ಒತ್ತಿದ. ಮೊಬೈಲು ಟಿಣ್ ಎಂದಿತು. ಬಂದ ಕೋಡನ್ನು ಹಾಕಿದ. ಬೀಗ ತೆರೆಯಿತು.

ಮುಸರ್ರತ್ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಆಮೇಲೆ ಅಜ್ಜಿಯ ತೋಳು ಹಿಡಿದು ಜಗ್ಗಿದಳು.

“ದಾದೀ, ನೋಡು! ನಿನ್ನ ಹೆಸರಿಟ್ಟಿದ್ದೆನಲ್ಲ ಆ ಮರಿಗಿಣಿ, ಸತ್ತಿಲ್ಲ… ಯಾರೋ ಶಹಜಾದಿಗೆ ದಿನಾ ಕಾಳು ಹಾಕ್ಯಾರ!”