ಕೆಂಪು ಗೀಟು

"ಕೆಂಪು ಗೀಟು ಇದರಾಗೂ ಇಲ್ರಿ," ಎಂದಳು ಫಕ್ಕೀರವ್ವ. ಸ್ಟಾಪ್‌ವಾಚ್ ಹಿಡಿದಿದ್ದ ಮನೋವಿಜ್ಞಾನಿ ಶಾಮಲಾ ಕಾರ್ಡನ್ನು ಮತ್ತೆ ನೋಡಿದಳು; ಹಸಿರು ಗೀಟುಗಳ ನಡುವೆ, ಎಡಗಡೆ, ಕೆಂಪು ಗೀಟು ಇದ್ದೇ ಇತ್ತು. ನೋಟ ಮತ್ತು ಗಮನದ ಸಂಶೋಧನೆಗೆಂದು 1978ರಲ್ಲಿ ಅವಳು ಸವಣೂರಿಗೆ ಬಂದದ್ದೇ ವೀಳ್ಯದೆಲೆ ಆರಿಸುವ ಈ ಹೆಂಗಸಿನ ಚುರುಕುಗಣ್ಣಿನ ಸುದ್ದಿ ಕೇಳಿ. ಕಾರ್ಡಿನ ಬಲಗಡೆ ಇದ್ದ ಗೀಟು ಫಕ್ಕೀರವ್ವನಿಗೆ ತಟ್ಟನೆ ಸಿಗುತ್ತಿತ್ತು. ಎಡಗಡೆಯದು ಒಮ್ಮೆಯೂ ಸಿಕ್ಕಿರಲಿಲ್ಲ.

ಶಾಮಲಾ ಅದೇ ಕಾರ್ಡನ್ನು ತಲೆಕೆಳಗು ಮಾಡಿ ಹಿಡಿದಳು.

"ಇಲ್ಲೈತಲ್ರಿ!" ಎಂದ ಫಕ್ಕೀರವ್ವ ಅದು ಅದೇ ಕಾರ್ಡೆಂದು ಗುರುತು ಹಿಡಿದಳು. ಆಮೇಲೆ ಶಾಮಲಾಳ ಕೈ ಹಿಡಿದುಕೊಂಡಳು. "ತಿಂಗಳಾತ್ರಿ, ಎಡಕ್ಕ ಬರೇ ಮಂಜು. ಮಾಲಕರಿಗೆ ಹೇಳಬ್ಯಾಡ್ರಿ, ಕೆಲಸ ಬಿಡಿಸ್ತಾರ."

ಇನ್ನೂ ಇಪ್ಪತ್ತು ಕಾರ್ಡು ಉಳಿದಿದ್ದವು. ಹತ್ತು ವರ್ಷದ ಸಂಶೋಧನೆಯಲ್ಲಿ ಮೊದಲ ಸಲ ಶಾಮಲಾ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದಳು.

"ಯಾರಿಗೂ ಹೇಳೂದಿಲ್ರಿ. ಏಳ್ರಿ, ಹುಬ್ಬಳ್ಳಿ ಬಸ್ ಬರೂ ಹೊತ್ತಾತು. ಮೊದಲ ಡಾಕ್ಟರಿಗೆ ತೋರಿಸೂಣು."