ಎಣಿಸುವ ಹೆಬ್ಬೆರಳು

ಮಗಳ ಶವದ ಮುಂದೆ ಕೂತ ತಿರುಮಲೇಶನ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ಶವದ ತಲೆಯ ಬಳಿ ಅವನ ತಾಯಿ ಹಂಪವ್ವ ಮೊಮ್ಮಗಳ ಗುಣಗಳನ್ನು ಹಾಡಿ ಹಾಡಿ ಅಳುತ್ತಿದ್ದಳು. ಕುಷ್ಟಗಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಛಂದಸ್ಸು ಕಲಿಸಿದ ಕೈ ಆ ಅಳುವಿನ ಮಾತ್ರೆಗಳನ್ನು ಎಣಿಸತೊಡಗಿತ್ತು.

ಹೆಂಡತಿ ಅಮೃತಾ ನೋಡಿಬಿಟ್ಟಳು. "ಏನ್ ಎಣಸಾಕತ್ತೀರಿ? ಇದು ಪಾಠ ಅಲ್ರೀ, ನಮ್ಮ ದೀಪಿಕಾ!"

"ಬ್ಯಾಡಂದ್ರೂ ನಿಲ್ಲವಲ್ದು, ಅಮೃತಾ. ಈ ಕೈ ಗಟ್ಟಿ ಹಿಡಕೊ."

ಅವಳು ಎರಡೂ ಕೈಯಿಂದ ಅವನ ಮುಷ್ಟಿಯನ್ನು ಅದುಮಿ ಹಿಡಿದಳು. "ನನ್ನ ಮುತ್ತಿನ ಚೆಂಡ, ಎದ್ದು ಬಾ..." ಎನ್ನುತ್ತಲೇ ಹಂಪವ್ವನ ಸಾಲು ಅರ್ಧಕ್ಕೇ ಮುರಿಯಿತು. ಇಂಥ ಮುರಿದ ಸಾಲನ್ನು ಅವನು ತರಗತಿಯಲ್ಲಿ ಸೊಗಸಾದ ತಂತ್ರ ಎಂದು ಹೊಗಳುತ್ತಿದ್ದ.

ಉಳಿದರ್ಧವನ್ನು ತಿರುಮಲೇಶನೇ ಚೀರಿದ. ಅಮೃತಾಳ ಅಂಗೈಯೊಳಗೆ ಅವನ ಹೆಬ್ಬೆರಳು ಅದನ್ನೂ ಎಣಿಸುತ್ತಿತ್ತು.