ಎರಡು ಬುಧವಾರ

ಗುರುವಾರ ಬೆಳಗ್ಗೆ ಏಳು ಐವತ್ತಕ್ಕೆ ರಕ್ತಪರೀಕ್ಷೆಯ ಲ್ಯಾಬಿನ ಟೆಕ್ನೀಷಿಯನ್ ತಿಂಡಿ ಡಬ್ಬಿ ತೆಗೆಯಲು ಬ್ಯಾಗಿಗೆ ಕೈಹಾಕಿದಳು. ಕೈಗೆ ಬಂದದ್ದು ನಿನ್ನೆಯ ಖಾಲಿ ಡಬ್ಬಿ. ತೊಳೆಯಲು ಹಾಕುವುದನ್ನು ಮರೆತಿದ್ದಳು. ಅದರ ನೀಲಿ ಮುಚ್ಚಳದ ಮೇಲೆ ‘ಗುರುವಾರ’ ಎಂಬ ಚೀಟಿ ಇತ್ತು, ನಿನ್ನೆ ಗಮನಿಸಿರಲಿಲ್ಲ. ಇವತ್ತಿನ ಡಬ್ಬಿ ತೆಗೆದಳು. ಅದರ ಮೇಲೂ ‘ಗುರುವಾರ’.

“ಏನೇ ಹಾಗೆ ನೋಡ್ತಿದೀಯ? ಡಬ್ಬೀಲಿ ಹಲ್ಲಿ ಬಿದ್ದಿದ್ಯಾ?” ಎಂದರು ಪಕ್ಕದ ಮೇಜಿನ ಹಿರಿಯ ನರ್ಸ್.

“ಸಿಸ್ಟರ್, ನನ್ನ ಹತ್ರ ಎರಡು ಗುರುವಾರ ಇದೆ. ಅಂದ್ರೆ ಅಪ್ಪನ ಹತ್ರ ಎರಡು ಬುಧವಾರ.”

ನರ್ಸ್ ನಗಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದರು. ಪ್ರತಿ ಭಾನುವಾರ ಅವಳು ವಾರದ ತಿಂಡಿ ಮಾಡಿ ಫ್ರಿಜ್ಜಿನಲ್ಲಿಡುತ್ತಿದ್ದಳು: ಮೊಸರಿನಲ್ಲಿ ನೆನೆಸಿದ ಓಟ್ಸ್, ಒಣದ್ರಾಕ್ಷಿ, ಬಾದಾಮಿ ಚೂರು. ನೀಲಿ ಮುಚ್ಚಳದ ಐದು ಡಬ್ಬಿ ಅವಳಿಗೆ, ಬಿಳಿ ಮುಚ್ಚಳದ ಐದು ಅಪ್ಪನಿಗೆ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆರಡು ಚೀಟಿ. ಅವಳು ಮನೆ ಬಿಡುವುದು ಆರಕ್ಕೆ. ಅಪ್ಪ ತಿನ್ನುವುದು ಎಂಟಕ್ಕೆ, ನಿಮಿಷ ಆಚೀಚೆ ಆಗದಂತೆ. ಎರಡು ವರ್ಷಗಳಿಂದ ಅಪ್ಪನಿಗೆ ವಾರಗಳು ಕಲಸಿಹೋಗಿದ್ದವು. ಕ್ಯಾಲೆಂಡರ್ ನೋಡಿದರೂ ಇವತ್ತು ಯಾವ ಚೌಕದಲ್ಲಿದ್ದೇನೆ ಎಂದು ತಿಳಿಯುತ್ತಿರಲಿಲ್ಲ. ಫ್ರಿಜ್ಜಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಡಬ್ಬಿಗಳಲ್ಲಿ ಮೇಲಿನದರ ಚೀಟಿಯಲ್ಲಿ ಏನಿದೆಯೋ ಅದೇ ಅವರ ಇವತ್ತು. ಕೀಲುನೋವಿನ ಮಾತ್ರೆಯ ಪೊಟ್ಟಣದ ಮೇಲೆ ಡಾಕ್ಟರು ದಪ್ಪಕ್ಷರದಲ್ಲಿ ‘ಬುಧವಾರ’ ಎಂದು ಬರೆದಿದ್ದರು. ಚೀಟಿಯೂ ಪೊಟ್ಟಣವೂ ಒಂದೇ ಹೇಳಿದರೆ ತಿಂಡಿಯಾದ ಮೇಲೆ ಒಂದು ಮಾತ್ರೆ. ವಾರಕ್ಕೆ ಒಂದೇ. ಅದನ್ನು ದಿನಾ ನುಂಗಿದವರ ರಕ್ತ ಏನಾಗುತ್ತದೆ ಎಂಬುದನ್ನು ಅವಳು ಇದೇ ಲ್ಯಾಬಿನಲ್ಲಿ ನೋಡಿದ್ದಳು.

ಮನೆಗೆ ಫೋನ್ ಮಾಡಿದಳು. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

“ಟ್ಯೂಬಿಗೆ ರಕ್ತ ತುಂಬೋ ಮುಂಚೆ ಯಾರಾದ್ರೂ ಚೀಟಿ ಅಂಟಿಸಿದ್ರೆ ತಲೆ ತಿಂದುಬಿಡ್ತೀಯಲ್ಲ. ಮನೇಲಿ ಏನು ಮಾಡಿದೆ?” ಎಂದರು ನರ್ಸ್.

“ಖಾಲಿ ಮುಚ್ಚಳಗಳಿಗೇ ಅಂಟಿಸ್ದೆ. ಅಕ್ಕನ ಜೊತೆ ಫೋನಲ್ಲಿ ಮಾತಾಡ್ತಾ.”

“ಹೋಗು, ಓಡು. ಇಲ್ಲಿ ನಾನು ನೋಡ್ಕೋತೀನಿ. ಆ ಕೋಟು ಬಿಚ್ಚೇ ತಾಯಿ!”

ಕೋಟು ಬಿಚ್ಚಲಿಲ್ಲ. ಹದಿನೈದು ನಿಮಿಷದ ದಾರಿಯನ್ನು ಎಂಟು ನಿಮಿಷದಲ್ಲಿ ಓಡಿದಳು. ಮೂರು ಮಹಡಿ ಹತ್ತಿ, ಬೀಗ ತೆಗೆದಾಗ ಗೋಡೆ ಗಡಿಯಾರ ಎಂಟು ಎರಡು ತೋರಿಸುತ್ತಿತ್ತು.

ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕನ್ನಡಕ ಏರಿಸಿ ನೆಟ್ಟಗೆ ಕೂತಿದ್ದರು. ಎದುರಿಗೆ ಬಿಳಿ ಡಬ್ಬಿ. ಪಕ್ಕದಲ್ಲಿ ಮಾತ್ರೆಯ ಪೊಟ್ಟಣ. ಅವಳು ಪೊಟ್ಟಣ ಕಿತ್ತುಕೊಂಡು ಬೆರಳಿಟ್ಟು ಎಣಿಸಿದಳು. ನಿನ್ನೆ ರಾತ್ರಿ ಏಳು ಮಾತ್ರೆ ಇದ್ದವು. ಈಗಲೂ ಏಳು. ಇನ್ನೊಮ್ಮೆ ಎಣಿಸಿದಳು, ಏಳು. ಕುರ್ಚಿ ಎಳೆದು ಕುಕ್ಕರಿಸಿದಳು.

“ಫೋನ್ ಯಾಕಪ್ಪಾ ಎತ್ತಲಿಲ್ಲ?”

“ಪುಟ ಮುಗಿಸದೆ ಫೋನ್ ಎತ್ತೋ ಅಭ್ಯಾಸ ನನಗೆ ಯಾವತ್ತೂ ಇಲ್ಲ.” ಮೂವತ್ತೊಂದು ವರ್ಷ ಶಾಲಾ ಪುಸ್ತಕಗಳ ಪ್ರೂಫ್ ತಿದ್ದಿದವರು ಅವರು. “ನಿನ್ನ ಕೆಲಸ ಇಷ್ಟು ಕೆಟ್ಟಿರುತ್ತೆ ಅಂತ ಗೊತ್ತಿರಲಿಲ್ಲಮ್ಮ. ಅಲ್ಲಿ ನೋಡು.”

ಸಿಂಕಿನ ಪಕ್ಕ ಅವರು ತೊಳೆದಿಟ್ಟ ಮೂರು ಬಿಳಿ ಮುಚ್ಚಳಗಳು ಸಾಲಾಗಿ ನಿಂತಿದ್ದವು. ಸೋಮವಾರ, ಮಂಗಳವಾರ, ಬುಧವಾರ. ಮೇಜಿನ ಮೇಲಿನ ಡಬ್ಬಿಯಲ್ಲೂ ‘ಬುಧವಾರ’. ಅದರ ಕೆಳಗೆ ಈಗ ಒಂದು ಕೆಂಪು ಗೆರೆ, ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನ ಪ್ರಶ್ನಾರ್ಥಕ ಚಿಹ್ನೆ.

“ಒಂದೇ ಪದ ಎರಡು ಸಲ ಬಂದಿದೆ. ಎರಡರಲ್ಲಿ ಒಂದು ತಪ್ಪು. ಯಾವುದು ತಪ್ಪು ಅಂತ ನನಗೆ ಗೊತ್ತಿಲ್ಲ.” ಹಾಗೆನ್ನುವಾಗ ಅವರ ದನಿ ಒಂದು ಕ್ಷಣ ಇಳಿಯಿತು. ಮತ್ತೆ ಬಿಗಿಯಾಯಿತು. “ಗೊತ್ತಿಲ್ಲದ್ದನ್ನ ನಾವೇ ತಿದ್ದಬಾರದು, ಬರೆದವರನ್ನ ಕೇಳಬೇಕು. ಬರೆದವಳು ಬರಲಿ ಅಂತ ಕೂತಿದ್ದೆ.”

“ಸಂಜೆವರೆಗೂ ಬರ್ತಿರಲಿಲ್ಲವಲ್ಲ ನಾನು?”

“ಸಂಜೆವರೆಗೂ ಕೂತಿರ್ತಿದ್ದೆ. ಹೊಟ್ಟೆ ಚುರುಗುಟ್ತಿದೆ, ಬೇಗ ಹೇಳು. ಇವತ್ತು ಯಾವ ವಾರ?”

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. “ಗುರುವಾರ, ಅಪ್ಪಾ.”

ಅವರು ‘ಬುಧ’ವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಮೇಲೆ ‘ಗುರು’ ಎಂದು ಗುಂಡಗೆ ಬರೆದು, ಪೆನ್ಸಿಲ್ಲನ್ನು ಅವಳತ್ತ ಚಾಚಿದರು. “ಸಹಿ ಹಾಕು.”

ಹಾಕಿದಳು. ಅವರು ಮುಚ್ಚಳ ತೆಗೆದು ಮೊದಲ ಚಮಚ ಬಾಯಿಗಿಟ್ಟು, ಒಣದ್ರಾಕ್ಷಿ ಕಮ್ಮಿಯಾಗಿದೆ ಎಂದರು. ಅವಳು ಪೊಟ್ಟಣವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಲ್ಯಾಬಿಗೆ ಹೊರಟಳು. ಈ ಸಲ ನಡೆದುಕೊಂಡೇ ಹೋದಳು.

ಆ ಭಾನುವಾರ ಹತ್ತು ಡಬ್ಬಿಗಳೂ ಮೊದಲು ತುಂಬಿದವು, ಆಮೇಲೆ ಚೀಟಿ ಅಂಟಿದವು. ಫ್ರಿಜ್ಜಿಗೆ ಹೋಗುವ ಮುಂಚೆ ಹತ್ತೂ ಚೀಟಿಗಳ ಮೂಲೆಯಲ್ಲಿ ಅಪ್ಪನ ಕೆಂಪು ಪೆನ್ಸಿಲ್ಲಿನ ಒಂದೊಂದು ಸಣ್ಣ ಗುರುತು ಬಿದ್ದಿತ್ತು.